ಸ್ಟೆಂಟ್ ಹಾಕಿಸಿಕೊಂಡವರ ಕಷಾಯ, ಚೂರ್ಣ, ಕ್ಯಾಪ್ಸೂಲ್: ಯಾವ ಮಾತ್ರೆಯ ಜೊತೆ ಯಾವುದು ಕೂಡದು?

ಪ್ರಶ್ನೆ: ನನ್ನ ತಂದೆಗೆ 67 ವರ್ಷ. ಏಳು ತಿಂಗಳ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್ 75, ಟಿಕಾಗ್ರೆಲಾರ್ 90 (ದಿನಕ್ಕೆ ಎರಡು), ಅಟೊರ್ವಾಸ್ಟಾಟಿನ್ 40, ಮೆಟೊಪ್ರೊಲಾಲ್ 25, ರಾಮಿಪ್ರಿಲ್ 5 ಮಿ.ಗ್ರಾಂ ತೆಗೆದುಕೊಳ್ಳುತ್ತಾರೆ. ಮೂರು ವಾರದಿಂದ ನೆಂಟರ ಮಾತು ಕೇಳಿ ಬೆಳಗ್ಗೆ ಹೊಳೆಮತ್ತಿ ತೊಗಟೆಯ ಕಷಾಯ ಮತ್ತು ಬೆಳ್ಳುಳ್ಳಿ, ಶುಂಠಿ, ನಿಂಬೆ, ವಿನೆಗರ್, ಜೇನು ಸೇರಿಸಿದ 'ಬ್ಲಾಕೇಜ್ ಔಷಧಿ', ಮಧ್ಯಾಹ್ನ ಅರಿಶಿನದ ಕ್ಯಾಪ್ಸೂಲ್, ರಾತ್ರಿ ಒಣಕೆಮ್ಮಿಗೆಂದು ಒಂದು ಚಮಚ ಜ್ಯೇಷ್ಠಮಧು ಪುಡಿ ಶುರುಮಾಡಿದ್ದಾರೆ. ಈಗ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುತ್ತಿದೆ, ತೋಳಿನ ಮೇಲೆ ನೀಲಿ ಕಲೆಗಳಿವೆ. "ಇವು ಬೇರು ತೊಗಟೆ, ಏನೂ ಮಾಡಲ್ಲ. ಇಂಗ್ಲಿಷ್ ಮಾತ್ರೆಗಳನ್ನೇ ಒಂದೊಂದಾಗಿ ಬಿಡ್ತೀನಿ" ಅನ್ನುತ್ತಾರೆ. ಎರಡಕ್ಕೂ ನಡುವೆ ಎರಡು ಗಂಟೆ ಬಿಟ್ಟರೆ ಸಾಕೇ? ವಾಲ್ವ್ ಬದಲಾಯಿಸಿಕೊಂಡು ಅಸಿಟ್ರೋಮ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನುಂಗುವ ಚಿಕ್ಕಮ್ಮನಿಗೂ ಇದನ್ನೆಲ್ಲ ಕೊಡಬಹುದೇ?

ಉತ್ತರ: ಮೊದಲು ಇವತ್ತಿನ ಕೆಲಸ. ಅರಿಶಿನದ ಕ್ಯಾಪ್ಸೂಲ್, ಜ್ಯೇಷ್ಠಮಧು, ಬೆಳ್ಳುಳ್ಳಿ ಮಿಶ್ರಣ ಮೂರನ್ನೂ ನಿಲ್ಲಿಸಿ. ತೊಗಟೆ ಕಷಾಯವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮಾತ್ರೆಗಳಲ್ಲಿ ಮಾತ್ರ ಒಂದನ್ನೂ ಬಿಡಿಸಬೇಡಿ, ಅದರಲ್ಲೂ ಟಿಕಾಗ್ರೆಲಾರ್ ಮತ್ತು ಆಸ್ಪಿರಿನ್. ಹೃದಯಾಘಾತದ ನಂತರ ಹಾಕಿದ ಸ್ಟೆಂಟ್‌ಗೆ ಈ ಜೋಡಿಯನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ನಿಮ್ಮ ತಂದೆಯವರಿಗೆ ಇನ್ನೂ ಐದು ತಿಂಗಳು ಬಾಕಿ ಇದೆ. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕೂತ ಲೋಹದ ಬಲೆ. ಅದರ ಮೇಲೆ ನಾಳದ ಒಳಪದರ ಪೂರ್ತಿ ಬೆಳೆದು ಮುಚ್ಚುವವರೆಗೂ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟಿಕೊಳ್ಳಲು ನೋಡುತ್ತಿರುತ್ತವೆ. ಟಿಕಾಗ್ರೆಲಾರ್ ಬಿಟ್ಟ ಮೂರರಿಂದ ಐದು ದಿನಗಳಲ್ಲಿ ಅದರ ರಕ್ಷಣೆ ಇಳಿದುಹೋಗುತ್ತದೆ. ಆಗ ಸ್ಟೆಂಟ್ ಒಳಗೇ ಹೆಪ್ಪುಗಟ್ಟಿದರೆ, ಮೊದಲು ಆದದ್ದಕ್ಕಿಂತ ದೊಡ್ಡ ಆಘಾತವೇ ಆದೀತು. ಒಸಡಿನ ರಕ್ತ ನೋಡಿ ಹೆದರಿ ಮಾತ್ರೆ ಬಿಡುವುದು, ಕಷಾಯವನ್ನು ನಂಬಿ ಮಾತ್ರೆ ಬಿಡುವುದು, ಎರಡೂ ಅಷ್ಟೇ ಅಪಾಯ.

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ಮೂತ್ರ ಕೆಂಪಾಗಿದ್ದರೆ, ವಾಂತಿಯಲ್ಲಿ ಕಾಫಿ ಗಷ್ಟಿನಂಥದ್ದು ಕಂಡರೆ, ಮೂಗಿನ ರಕ್ತ ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಹಿಂದೆಂದೂ ಇಲ್ಲದ ಜೋರು ತಲೆನೋವು ಬಂದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಇವು ಯಾವುದೂ ಇಲ್ಲದಿದ್ದರೂ ಎರಡು ದಿನದೊಳಗೆ ಹೃದ್ರೋಗ ತಜ್ಞರಿಗೆ ತೋರಿಸಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಅಷ್ಟರಲ್ಲಿ ಮೈಕೈ ನೋವೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಡಬೇಡಿ. ಆಸ್ಪಿರಿನ್ ಜೊತೆ ಅವು ಹೊಟ್ಟೆಯ ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ನಾಲ್ಕರಲ್ಲಿ ನನಗೆ ಹೆಚ್ಚು ಅನುಮಾನ ಅರಿಶಿನದ ಕ್ಯಾಪ್ಸೂಲ್ ಮೇಲೆ. ಆಸ್ಪಿರಿನ್ ಮತ್ತು ಟಿಕಾಗ್ರೆಲಾರ್ ಎರಡೂ ಸೇರಿದರೆ ಮೂಲಿಕೆಯ ಹಂಗಿಲ್ಲದೆಯೂ ನೀಲಿ ಕಲೆ ಬರುವುದುಂಟು. ಆದರೆ ಮೂರು ವಾರದಲ್ಲಿ ಹೊಸದಾಗಿ ಶುರುವಾಯಿತು ಎಂದರೆ ಹೊಸದಾಗಿ ಸೇರಿದ್ದನ್ನೇ ಮೊದಲು ಹಿಡಿಯಬೇಕು. "ಸಾರಿಗೆ ದಿನಾ ಅರಿಶಿನ ಹಾಕ್ತೀವಲ್ಲ" ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಹೆಚ್ಚುಕಡಿಮೆ ಶೇಕಡ 3. ಅರ್ಧ ಟೀ ಚಮಚ, ಅಂದರೆ ಸುಮಾರು ಒಂದೂವರೆ ಗ್ರಾಂ ಪುಡಿಯಲ್ಲಿ 45 ಮಿ.ಗ್ರಾಂ. ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಕರುಳು ಅದರಲ್ಲಿ ಹೀರಿಕೊಳ್ಳುವುದಂತೂ ಅತ್ಯಲ್ಪ. ಕ್ಯಾಪ್ಸೂಲ್‌ನಲ್ಲಿ ಇರುವುದು ಶೇಕಡ 95ರ ಸಾರ, 500 ಮಿ.ಗ್ರಾಂ. ಅದರ ಜೊತೆಗೆ ಸಾಮಾನ್ಯವಾಗಿ ಮೆಣಸಿನ ಸಾರವಾದ ಪೈಪರಿನ್ ಸೇರಿಸಿರುತ್ತಾರೆ. ಹೀಗೆ ಸೇರಿಸುವುದಕ್ಕೆ ಹಿನ್ನೆಲೆ ನಮ್ಮ ಬೆಂಗಳೂರಿನದೇ: 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಶೇಕಡ 2000ದಷ್ಟು ಏರುತ್ತದೆ ಎಂದು ತೋರಿಸಿದರು.

ಪೈಪರಿನ್ ಕರ್ಕ್ಯುಮಿನ್ ಒಂದಕ್ಕೇ ಬಾಗಿಲು ತೆರೆಯುವುದಿಲ್ಲ ಎಂಬುದು ತೊಡಕು. ಕರುಳು ಮತ್ತು ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನೂ, ಔಷಧವನ್ನು ಹೊರದಬ್ಬುವ ಪಂಪುಗಳನ್ನೂ ಅದು ತಡೆಯುತ್ತದೆ. ದಿನಕ್ಕೆ 20 ಮಿ.ಗ್ರಾಂ ಪೈಪರಿನ್ ಒಂದು ವಾರ ತೆಗೆದುಕೊಂಡ ಆರೋಗ್ಯವಂತರಲ್ಲಿ ಮೆಟೊಪ್ರೊಲಾಲ್ ಗುಂಪಿನದೇ ಆದ ಪ್ರೊಪ್ರನಲಾಲ್ ಮಾತ್ರೆಯ ರಕ್ತದ ಮಟ್ಟ ದುಪ್ಪಟ್ಟಾದದ್ದು ದಾಖಲಾಗಿದೆ. ಟಿಕಾಗ್ರೆಲಾರ್ ದೇಹದಲ್ಲಿ ಒಡೆದು ಕರಗುವುದು ಸಿವೈಪಿ3ಎ4 ಎಂಬ ಕಿಣ್ವದ ಮೂಲಕ. ಪೈಪರಿನ್ ಕೈಹಾಕುವುದು ಅದರ ಮೇಲೂ, ಹಾಗಾಗಿ ಟಿಕಾಗ್ರೆಲಾರ್ ರಕ್ತದಲ್ಲಿ ಹೆಚ್ಚಬಹುದು. ಸಾಲದ್ದಕ್ಕೆ ಕರ್ಕ್ಯುಮಿನ್ ತಾನೂ ಪ್ಲೇಟ್‌ಲೆಟ್ ಅಂಟುವಿಕೆಯನ್ನು ತಗ್ಗಿಸುತ್ತದೆ. ಡಬ್ಬಿಯ ಮೇಲೆ 'ಪೈಪರಿನ್', 'ಕಾಳುಮೆಣಸಿನ ಸಾರ', 'ಹೆಚ್ಚು ಹೀರಿಕೆ' ಎಂದೇನಾದರೂ ಇದೆಯೇ ನೋಡಿ. ಇದ್ದರೆ ಅದನ್ನು ಹೃದಯದ ಮಾತ್ರೆ ತಿನ್ನುವವರ ಮನೆಯಲ್ಲಿ ಇಡಲೇಬೇಡಿ. ಅಡುಗೆಯ ಅರಿಶಿನ, ಸಾರಿನ ಮೆಣಸು ಎಂದಿನಂತೆ ನಡೆಯಲಿ.

'ಬ್ಲಾಕೇಜ್ ಔಷಧಿ' ಎಂದು ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಆ ಮಿಶ್ರಣದ ಅಳತೆ ಎಲ್ಲ ಕಡೆ ಒಂದೇ: ನಾಲ್ಕು ರಸಗಳು ಒಂದೊಂದು ಕಪ್, ಕುದಿಸಿ ಮೂರು ಕಪ್‌ಗೆ ಇಳಿಸಿ, ಮೂರು ಕಪ್ ಜೇನು ಸೇರಿಸಿ, ದಿನಕ್ಕೊಂದು ದೊಡ್ಡ ಚಮಚ. ಲೆಕ್ಕ ಹಾಕಿ ನೋಡಿ. 15 ಮಿ.ಲೀ. ಚಮಚದಲ್ಲಿ ಬೆಳ್ಳುಳ್ಳಿ ರಸದ ಪಾಲು ಎರಡೂವರೆ ಮಿ.ಲೀ. ಮಾತ್ರ, ಅದನ್ನೂ ಕುದಿಸಿದ್ದಾಗಿದೆ. ಬೆಳ್ಳುಳ್ಳಿಯ ಕಟುವಾದ ಅಂಶ ಹುಟ್ಟಲು ಬೇಕಾದ ಕಿಣ್ವ ಕುದಿತಕ್ಕೆ ಸತ್ತುಹೋಗುತ್ತದೆ. ಹಾಗಾಗಿ ರಕ್ತ ತೆಳುವಾಗಿಸುವ ಶಕ್ತಿ ಇದರಲ್ಲಿ ಕಡಿಮೆ. ಬೆಳಗ್ಗೆ ಖಾಲಿಹೊಟ್ಟೆಗೆ ನಾಲ್ಕೈದು ಹಸಿ ಎಸಳು ಜಗಿಯುವವರ, ಬೆಳ್ಳುಳ್ಳಿ ಸಾರದ ಕ್ಯಾಪ್ಸೂಲ್ ನುಂಗುವವರ ವಿಷಯ ಬೇರೆ. ಅಲ್ಲಿ ಪ್ಲೇಟ್‌ಲೆಟ್ ಮೇಲೆ ನಿಜವಾದ ಪರಿಣಾಮವಿದೆ, ಶಸ್ತ್ರಚಿಕಿತ್ಸೆಗೆ ಏಳು ದಿನ ಮೊದಲೇ ಅದನ್ನು ನಿಲ್ಲಿಸಿ ಎಂದು ಅರಿವಳಿಕೆ ತಜ್ಞರು ಹೇಳುವುದು ಅದಕ್ಕೇ.

ಹಾಗಾದರೆ ಮಿಶ್ರಣದಲ್ಲಿ ತಪ್ಪೇನು? ಆಸ್ಪಿರಿನ್ ಮೊದಲೇ ಹೊಟ್ಟೆಯ ಒಳಪದರವನ್ನು ಕೆರಳಿಸಿರುತ್ತದೆ, ಅದರ ಮೇಲೆ ಬೆಳಗಾಗೆದ್ದು ವಿನೆಗರ್, ನಿಂಬೆ ಸುರಿಯುವುದು ಒಂದು. ಇನ್ನೊಂದು, ಅದು ಕೊಡುವ ಸುಳ್ಳು ಧೈರ್ಯ. ಹೃದಯದ ರಕ್ತನಾಳದ ಅಡ್ಡಿ ಕೊಳಾಯಿಯೊಳಗಿನ ಪಾಚಿಯಂತೆ ಒಳಮೈಗೆ ಅಂಟಿಕೊಂಡಿಲ್ಲ. ಅದು ಗೋಡೆಯ ಪದರದೊಳಗೇ ಸೇರಿಕೊಂಡ ಕೊಬ್ಬು, ನಾರು, ಸುಣ್ಣ. ಹುಳಿ ಕುಡಿದರೆ ಕರಗುವಂಥದ್ದಲ್ಲ. ನಿಮ್ಮ ತಂದೆಯವರು "ಮಾತ್ರೆ ಬಿಡ್ತೀನಿ" ಎನ್ನುತ್ತಿರುವುದು ಈ ನಂಬಿಕೆಯಿಂದಲೇ ಇರಬಹುದು. ಅಂದಹಾಗೆ, ಹೃದ್ರೋಗ ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಫೋನಿಗೆ ಬರುವ ಸಂದೇಶಗಳಿಗೆ ಆ ಭಯವಿದ್ದಂತಿಲ್ಲ.

ಜ್ಯೇಷ್ಠಮಧುವಿನ ಕಥೆ ಹೆಚ್ಚು ಸೂಕ್ಷ್ಮ, ಏಕೆಂದರೆ ಇಲ್ಲಿ ಕೆಮ್ಮಿಗೆ ಕಾರಣ ಬಹುಶಃ ಮಾತ್ರೆಯೇ. ರಾಮಿಪ್ರಿಲ್, ಎನಾಲಪ್ರಿಲ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಗಂಟಲು ಕೆರೆಯುವ ಒಣಕೆಮ್ಮು ತರುತ್ತವೆ. ಕಫವಿಲ್ಲ, ಜ್ವರವಿಲ್ಲ, ಸಿರಪ್‌ಗೆ ಜಗ್ಗುವುದಿಲ್ಲ. ವೈದ್ಯರು ರಾಮಿಪ್ರಿಲ್ ಬದಲು ಟೆಲ್ಮಿಸಾರ್ಟಾನ್‌ನಂಥದ್ದನ್ನು ಬರೆದುಕೊಟ್ಟರೆ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ಇದನ್ನು ಹೇಳದೆ ಜ್ಯೇಷ್ಠಮಧು ತಿಂದರೆ ಕೆಮ್ಮಿಗೆ ಕೊಂಚ ಹಿತವೆನಿಸಬಹುದು, ಬಿಪಿ ಮಾತ್ರ ಸದ್ದಿಲ್ಲದೆ ಏರುತ್ತದೆ. ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ದೇಹದ ಕಾರ್ಟಿಸಾಲ್ ಎಂಬ ಹಾರ್ಮೋನ್ ಆಲ್ಡೊಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನಿನಂತೆ ವರ್ತಿಸಿ ಉಪ್ಪು ನೀರನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಕಾಲು ಊದುತ್ತದೆ, ಬಿಪಿ ಹೆಚ್ಚುತ್ತದೆ. ಫ್ಯೂರೊಸೆಮೈಡ್‌ನಂಥ ನೀರಿನ ಮಾತ್ರೆ ಅಥವಾ ಡಿಗಾಕ್ಸಿನ್ ಜೊತೆಗಿದ್ದರೆ ಪೊಟ್ಯಾಸಿಯಂ ಕುಸಿದು ಹೃದಯದ ಲಯವೇ ತಪ್ಪಬಹುದು. ಯುರೋಪಿನಲ್ಲಿ ದಿನಕ್ಕೆ 100 ಮಿ.ಗ್ರಾಂ ಗ್ಲಿಸಿರೈಜಿನ್ ಮೀರಬೇಡಿ ಎಂಬ ಮಿತಿ ಇದೆ. ಬೇರಿನಲ್ಲಿ ಅದು ಶೇಕಡ 4 ಎಂದು ಹಿಡಿದರೂ 5 ಗ್ರಾಂ ಪುಡಿಯಲ್ಲಿ 200 ಮಿ.ಗ್ರಾಂ ಆಯಿತು. ಹೃದಯದ ರೋಗಿಗೆ ಆ ಮಿತಿಯೂ ಜಾಸ್ತಿಯೇ. ಕೆಮ್ಮಿನ ವಿಷಯದಲ್ಲಿ ಇನ್ನೊಂದನ್ನು ಗಮನಿಸಿ: ಮಲಗಿದಾಗ ಜೋರಾಗಿ, ಎದ್ದು ಕೂತರೆ ಕಡಿಮೆಯಾಗುವ ಕೆಮ್ಮು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆಯೂ ಆಗಿರಬಹುದು, ಅದಕ್ಕೆ ತಕ್ಷಣ ತೋರಿಸಬೇಕು. ಟಿಕಾಗ್ರೆಲಾರ್ ಕೂಡ ಕೆಲವರಲ್ಲಿ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಅದನ್ನು ಉಬ್ಬಸವೆಂದು ತಿಳಿದು ಸೋಮಲತೆ ಸೇರಿದ ಚೂರ್ಣ ತಿಂದರೆ, ಅದರೊಳಗಿನ ಎಫೆಡ್ರಿನ್ ಎದೆಬಡಿತವನ್ನೂ ಬಿಪಿಯನ್ನೂ ಏರಿಸುತ್ತದೆ.

ಈಗ ಹೊಳೆಮತ್ತಿ, ಅಂದರೆ ಅರ್ಜುನ. ನಾಲ್ಕರಲ್ಲಿ ಹೃದಯದ ಮದ್ದೆಂಬ ಹೆಸರಿಗೆ ಸ್ವಲ್ಪವಾದರೂ ಆಧಾರವಿರುವುದು ಇದಕ್ಕೇ. ತೊಗಟೆಯ ಸಾರವನ್ನು 500 ಮಿ.ಗ್ರಾಂನಂತೆ ಎಂಟು ಗಂಟೆಗೊಮ್ಮೆ, ಎಂದಿನ ಮಾತ್ರೆಗಳ ಜೊತೆಗೇ ಕೊಟ್ಟು ನಡೆಸಿದ ಚಿಕ್ಕ ಅಧ್ಯಯನಗಳಲ್ಲಿ ಎದೆನೋವು ತಗ್ಗಿ ನಡೆಯುವ ಶಕ್ತಿ ಹೆಚ್ಚಿದ್ದು ಕಂಡಿದೆ. ಮಾತ್ರೆ ಬಿಡಿಸಿ, ಇದನ್ನಷ್ಟೇ ಕೊಟ್ಟು ಸ್ಟೆಂಟ್ ಕಾಪಾಡಿದ ಉದಾಹರಣೆ ಅವುಗಳಲ್ಲಿ ಇಲ್ಲ. ಅರ್ಜುನ ಬಿಪಿಯನ್ನು ಕೊಂಚ ಇಳಿಸುತ್ತದೆ. ರಾಮಿಪ್ರಿಲ್, ಮೆಟೊಪ್ರೊಲಾಲ್ ಎರಡೂ ಅದನ್ನೇ ಮಾಡುತ್ತಿವೆ, ಆದ್ದರಿಂದ ಎದ್ದು ನಿಂತಾಗ ತಲೆಸುತ್ತು ಬರಬಹುದು. ಪ್ರಯೋಗಶಾಲೆಯಲ್ಲಿ ಇದರ ಸಾರ ಯಕೃತ್ತಿನ ಸಿವೈಪಿ2ಡಿ6, 2ಸಿ9, 3ಎ4 ಕಿಣ್ವಗಳನ್ನು ತಡೆದಿದೆ. ಮೊದಲನೆಯದು ಮೆಟೊಪ್ರೊಲಾಲ್ ಕರಗಿಸುವುದು, ಎರಡನೆಯದು ವಾರ್ಫರಿನ್ ಮತ್ತು ಅಸಿಟ್ರೋಮ್, ಮೂರನೆಯದು ಟಿಕಾಗ್ರೆಲಾರ್ ಮತ್ತು ಅಟೊರ್ವಾಸ್ಟಾಟಿನ್. ಗಾಜಿನ ನಳಿಕೆಯಲ್ಲಿ ಕಂಡದ್ದು ಮನುಷ್ಯನಲ್ಲಿ ಅಷ್ಟೇ ಆಗಬೇಕೆಂದಿಲ್ಲ, ಆದರೆ ಸ್ಟೆಂಟಿನ ಮೊದಲ ವರ್ಷ ಅದನ್ನು ಪರೀಕ್ಷಿಸಿ ನೋಡುವ ಕಾಲವಲ್ಲ.

ತೊಗಟೆ ಎಲ್ಲಿಂದ ಬಂತು ಎಂಬುದನ್ನೂ ಕೇಳಿ. ಹೊಳೆಮತ್ತಿ ನದಿದಂಡೆಯ ಮರ, ತೊಗಟೆ ನುಣುಪು, ಬೂದು ಮಿಶ್ರಿತ ಬಿಳಿ, ಪದರ ಪದರವಾಗಿ ಕಳಚುತ್ತದೆ. ಮೊಸಳೆ ಚರ್ಮದಂತೆ ಆಳವಾಗಿ ಬಿರುಕುಬಿಟ್ಟ ಕಪ್ಪು ತೊಗಟೆಯದ್ದು ಕಾಡಿನ ಕರಿಮತ್ತಿ. ಹೆಸರು ಹತ್ತಿರವಾದ್ದರಿಂದ ಎರಡೂ ಅದಲುಬದಲಾಗುತ್ತವೆ.

ಎರಡು ಗಂಟೆಯ ಅಂತರದ ಬಗ್ಗೆ ಕೇಳಿದ್ದೀರಿ. ಇದು ಬಹಳ ಜನ ನಂಬಿರುವ ಅರ್ಧಸತ್ಯ. ಹೊಟ್ಟೆಯಲ್ಲಿ ಮಾತ್ರೆಯನ್ನು ಅಂಟಿಸಿಕೊಂಡು ಹೀರಿಕೆ ತಪ್ಪಿಸುವ ಇಸಬಗೋಲಿನಂಥ ನಾರಿಗೆ ಅಂತರ ಕೊಟ್ಟರೆ ಪ್ರಯೋಜನವಿದೆ. ಮಾತ್ರೆ ನುಂಗಿ ಎರಡು ಗಂಟೆಯ ಮೇಲೆ ಅದನ್ನು ಕುಡಿಯಬಹುದು. ಕಿಣ್ವವನ್ನೇ ಕಟ್ಟಿಹಾಕುವ ವಸ್ತುವಿಗೆ ಗಡಿಯಾರ ಲೆಕ್ಕಕ್ಕಿಲ್ಲ. ಗ್ರೇಪ್‌ಫ್ರೂಟ್ ರಸ ಒಮ್ಮೆ ಕುಡಿದರೆ ಕರುಳಿನ ಕಿಣ್ವ ಹೊಸದಾಗಿ ಹುಟ್ಟಲು ಒಂದರಿಂದ ಮೂರು ದಿನ ಬೇಕು. ಅದರ ರಸದ ಜೊತೆ ಟಿಕಾಗ್ರೆಲಾರ್‌ನ ಮಟ್ಟ ದುಪ್ಪಟ್ಟಿಗೂ ಹೆಚ್ಚಾಗುತ್ತದೆ. ಇದನ್ನು ಕನ್ನಡಕ್ಕೆ ತರುವವರು 'ದ್ರಾಕ್ಷಿ ತಿನ್ನಬೇಡಿ' ಎಂದು ಬರೆದು ಗೊಂದಲ ಮಾಡಿದ್ದಾರೆ. ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ. ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತದ ಸಂತತಿ, ಚಕ್ಕೋತದಲ್ಲೂ ಅದೇ ಬಗೆಯ ರಾಸಾಯನಿಕಗಳಿವೆ. ದೇವನಹಳ್ಳಿಯ ಕಡೆಯವರಾಗಿದ್ದರೆ ಬೇಸರವಾಗಬಹುದು, ಆದರೂ ಟಿಕಾಗ್ರೆಲಾರ್ ಮುಗಿಯುವವರೆಗೆ ಚಕ್ಕೋತ ಬೇಡ. ದ್ರಾಕ್ಷಿ, ಮೂಸಂಬಿ ತಿನ್ನಲಿ. ಇನ್ನು ಜ್ಯೇಷ್ಠಮಧು, ಬೆಳ್ಳುಳ್ಳಿ ಸಾರದಂಥವು ಕೆಲಸ ಮಾಡುವುದು ರಕ್ತ, ಮೂತ್ರಪಿಂಡಗಳ ಮಟ್ಟದಲ್ಲಿ. ಬೆಳಗ್ಗೆ ಮಾತ್ರೆ, ರಾತ್ರಿ ಚೂರ್ಣ ಎಂದರೂ ಅವು ಮೈಯೊಳಗೆ ಭೇಟಿಯಾಗಿಯೇ ಆಗುತ್ತವೆ.

ನಿಮ್ಮ ಚಿಕ್ಕಮ್ಮನಿಗೆ ಇವುಗಳಲ್ಲಿ ಯಾವುದನ್ನೂ ಕೊಡಬೇಡಿ. ಲೋಹದ ವಾಲ್ವ್‌ಗೆ ಅಸಿಟ್ರೋಮ್ ಅಥವಾ ವಾರ್ಫರಿನ್ ಒಂದೇ ಆಸರೆ, ಅದರ ಪರಿಣಾಮ ಸಾಲದೆ ಹೋಗುವುದಕ್ಕೂ ಹೆಚ್ಚಾಗುವುದಕ್ಕೂ ಅಂತರ ಕೂದಲೆಳೆಯಷ್ಟು. ಮೈಟ್ರಲ್ ಜಾಗದ ಲೋಹದ ವಾಲ್ವ್ ಇದ್ದವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಅದಕ್ಕಿಂತ ಇಳಿದರೆ ವಾಲ್ವ್‌ಗೆ ಹೆಪ್ಪು ಕಟ್ಟಿ ಪಾರ್ಶ್ವವಾಯು, ಏರಿದರೆ ಮಿದುಳಿನಲ್ಲಿ ರಕ್ತಸ್ರಾವ. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರು ಅರಿಶಿನದ ಉತ್ಪನ್ನ ಶುರುಮಾಡಿದ ಮೇಲೆ ಐಎನ್‌ಆರ್ 10 ದಾಟಿತೆಂದು ನ್ಯೂಜಿಲೆಂಡ್‌ನ ಔಷಧ ನಿಯಂತ್ರಕ ಸಂಸ್ಥೆ ಮೆಡ್‌ಸೇಫ್ 2018ರಲ್ಲಿ ಎಚ್ಚರಿಸಿತು. ಇನ್ನೊಂದು ತುದಿಯಲ್ಲಿ ನುಗ್ಗೆಸೊಪ್ಪಿನ ಪುಡಿ, ಗೋಧಿಹುಲ್ಲಿನ ರಸ ಇವೆ. 'ಕೆ' ಜೀವಸತ್ವ ತುಂಬಿರುವ ಇವು ಮಾತ್ರೆಯ ಕೆಲಸವನ್ನೇ ಅಳಿಸುತ್ತವೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ವಾರಕ್ಕೆ ಎರಡು ಸಲ ಸೊಪ್ಪಿನ ಹುಳಿ ಉಣ್ಣುವ ಅಭ್ಯಾಸವಿದ್ದರೆ ವರ್ಷವಿಡೀ ಅಷ್ಟೇ ಇರಲಿ, ಆ ಊಟಕ್ಕೆ ತಕ್ಕಂತೆ ವೈದ್ಯರು ಮಾತ್ರೆ ಹೊಂದಿಸುತ್ತಾರೆ. ಒಂದು ತಿಂಗಳು ದಿನಾ ಪಾಲಕ್, ಮರುತಿಂಗಳು ಒಂದೆಲೆಯೂ ಇಲ್ಲ ಎಂದಾಗಬಾರದು. ಯಾವುದೇ ಮೂಲಿಕೆ ಈಗಾಗಲೇ ಹೊಟ್ಟೆಗೆ ಹೋಗಿದ್ದರೆ ಒಂದು ವಾರದೊಳಗೆ ಐಎನ್‌ಆರ್ ಮಾಡಿಸಿ. ಶುರುಮಾಡಿದಾಗಷ್ಟೇ ಅಲ್ಲ, ಬಿಟ್ಟಾಗಲೂ.

ವಿದೇಶದಲ್ಲಿರುವ ಮಕ್ಕಳು ಬೇಸರ, ಖಿನ್ನತೆಗೆಂದು ತಂದುಕೊಡುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಮಾತ್ರೆ ಕಿಣ್ವ ತಡೆಯುವ ಪೈಪರಿನ್‌ಗೆ ತದ್ವಿರುದ್ಧ. ಅದು ಕಿಣ್ವಗಳನ್ನು ಹುರಿದುಂಬಿಸಿ ವಾರ್ಫರಿನ್, ಡಿಗಾಕ್ಸಿನ್, ಅಪಿಕ್ಸಬಾನ್, ಟಿಕಾಗ್ರೆಲಾರ್, ಅಟೊರ್ವಾಸ್ಟಾಟಿನ್ ಎಲ್ಲದರ ಮಟ್ಟವನ್ನೂ ಕೆಳಗಿಳಿಸುತ್ತದೆ. ಮಾತ್ರೆ ನುಂಗಿದರೂ ನುಂಗದ ಹಾಗೆ.

ನೀವು ಕೇಳದಿದ್ದರೂ, ನೆಂಟರು ಮುಂದೆ ಹೇಳಬಹುದಾದ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಸರ್ಪಗಂಧಿಯಲ್ಲಿ ರೆಸರ್ಪಿನ್ ಇದೆ, ಅದು ನಿಜವಾದ ಬಿಪಿ ಔಷಧ. ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದರ ಬಗ್ಗೆ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತೇ ಅದರತ್ತ ನೋಡಿತು. ಅದಕ್ಕೇ ಮೆಟೊಪ್ರೊಲಾಲ್ ಜೊತೆ ಕೂಡದು, ನಾಡಿ ತೀರ ನಿಧಾನವಾಗುತ್ತದೆ, ಮನಸ್ಸೂ ಕುಗ್ಗುತ್ತದೆ. ಗುಗ್ಗುಲು ಪ್ರೊಪ್ರನಲಾಲ್, ಡಿಲ್ಟಿಯಾಜೆಮ್ ಮಾತ್ರೆಗಳು ರಕ್ತ ಸೇರುವುದನ್ನು ತಗ್ಗಿಸುತ್ತದೆ. ಕೊಲೆಸ್ಟ್ರಾಲಿಗೆ ಒಳ್ಳೆಯದೆಂಬ ಹೆಸರಿದ್ದರೂ 2003ರಲ್ಲಿ ಅಮೆರಿಕದಲ್ಲಿ ಎಂಟು ವಾರ ನಡೆದ ಪ್ರಯೋಗದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ಏರಿತು. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನ್ ಏರಿಸುತ್ತದೆ, ಎದೆಬಡಿತ ತಪ್ಪುವ ತೊಂದರೆ ಇದ್ದವರಿಗೆ ಬೇಡ. ಅದಕ್ಕೂ ಅಮೃತಬಳ್ಳಿಗೂ ಯಕೃತ್ತಿನ ಹಾನಿಯ ವರದಿಗಳಿವೆ, ಸ್ಟಾಟಿನ್ (ಅಟೊರ್ವಾಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ) ತಿನ್ನುವವರ ಕಣ್ಣು ಹಳದಿಯಾದರೆ ತಪ್ಪು ಯಾರದೆಂದು ಬಿಡಿಸುವುದೇ ಕಷ್ಟ. ಲವಣಭಾಸ್ಕರ ಚೂರ್ಣದ ಹೆಸರಲ್ಲೇ ಉಪ್ಪಿದೆ, ಹೃದಯ ಸೋತು ಕಾಲು ಊದುವವರಿಗೆ ಅದು ಸಲ್ಲದು. ಅರ್ಜುನಾರಿಷ್ಟದಂಥ ಅರಿಷ್ಟಗಳಲ್ಲಿ ಹುದುಗಿ ಹುಟ್ಟಿದ ಮದ್ಯಸಾರವೂ ಬೆಲ್ಲವೂ ಇರುತ್ತವೆ, ಸಕ್ಕರೆ ಕಾಯಿಲೆಯವರು ಲೆಕ್ಕದಲ್ಲಿಡಬೇಕು. ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಉಳಿಸಿಕೊಳ್ಳುವ ನೀರಿನ ಮಾತ್ರೆ) ಮತ್ತು ರಾಮಿಪ್ರಿಲ್ ಎರಡನ್ನೂ ತಿನ್ನುವವರು ದಿನಾ ಎಳನೀರು, ನೋನಿ ರಸ ಕುಡಿದರೆ ಪೊಟ್ಯಾಸಿಯಂ ಮಿತಿಮೀರಬಹುದು. ಕಣಗಿಲೆಯ ಯಾವ ಭಾಗವನ್ನೂ, ಯಾರು ಎಷ್ಟು 'ಶುದ್ಧಿ' ಮಾಡಿಕೊಟ್ಟರೂ ಬಾಯಿಗೆ ಹಾಕಬಾರದು. ಡಿಗಾಕ್ಸಿನ್ ಜಾತಿಯದೇ ವಿಷ ಅದರಲ್ಲಿದೆ.

ಕೊಂಡ ಡಬ್ಬಿಗಳನ್ನು ಬೆಳಕಿಗೆ ಹಿಡಿದು ಓದಿ. ವತ್ಸನಾಭಿಯಂಥ ವಿಷದ್ರವ್ಯ ಸೇರಿದ ಆಯುರ್ವೇದ ಔಷಧಗಳ ಮೇಲೆ 'ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ' ಎಂಬ ಎಚ್ಚರಿಕೆ ಇಂಗ್ಲಿಷ್, ಹಿಂದಿಯಲ್ಲಿ ಇರಲೇಬೇಕೆಂಬ ನಿಯಮವಿದೆ. ಜ್ವರಕ್ಕೆ ಕೊಡುವ ತ್ರಿಭುವನಕೀರ್ತಿ ರಸ ಅಂಥದ್ದು. ವತ್ಸನಾಭಿ ಹೃದಯದ ಲಯವನ್ನು ಕೆಡಿಸುವ ವಸ್ತು. ಪಟ್ಟಿಯೇ ಇಲ್ಲದ, ಪೊಟ್ಟಣದಲ್ಲಿ ಕಟ್ಟಿಕೊಟ್ಟ ಕೀಲುನೋವಿನ ಪುಡಿ ಎರಡೇ ದಿನದಲ್ಲಿ ಪವಾಡದಂತೆ ನೋವು ಕಳೆದರೆ ಸ್ಟೆರಾಯ್ಡ್ ಬೆರಕೆಯ ಅನುಮಾನ ಪಡಿ. ಅದು ಬಿಪಿ, ಸಕ್ಕರೆ, ಊತ ಮೂರನ್ನೂ ಏರಿಸುತ್ತದೆ.

ಮುಂದಿನ ಭೇಟಿಗೆ ಡಬ್ಬಿ, ಪೊಟ್ಟಣ, ತೊಗಟೆಯ ಚೂರು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಆಯುರ್ವೇದ ತಗೊಳ್ತಾರೆ" ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಆಯುರ್ವೇದ ವೈದ್ಯರ ಬಳಿಗೂ ಮಾತ್ರೆಗಳ ಚೀಟಿ ಒಯ್ಯಿರಿ, ಓದಿಬಲ್ಲ ವೈದ್ಯರು ಜ್ಯೇಷ್ಠಮಧುವನ್ನು ತಾವೇ ಬೇಡವೆಂದಾರು. ಹಲ್ಲು ಕೀಳಿಸುವಾಗಲೂ ಇದೇ ಪಟ್ಟಿ ತೋರಿಸಿ. ತೊಂದರೆ ಮೂಲಿಕೆಯಿಂದಲೇ ಆದದ್ದೆಂದು ಅನಿಸಿದರೆ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು.

ತಂದೆಯವರಿಗೆ ಹೊಳೆಮತ್ತಿಯ ಮೇಲೆ ಅಷ್ಟೊಂದು ನಂಬಿಕೆ ಇದ್ದರೆ ಜಗಳ ಬೇಡ. ವರ್ಷ ತುಂಬಲಿ, ಹೃದ್ರೋಗ ತಜ್ಞರು ಟಿಕಾಗ್ರೆಲಾರ್ ನಿಲ್ಲಿಸಲಿ. ಆಮೇಲೆ ಅವರಿಗೆ ತಿಳಿಸಿಯೇ, ಬೇರೆ ಯಾವ ಹೊಸ ಮದ್ದನ್ನೂ ಬೆರೆಸದೆ, ಅದೊಂದನ್ನೇ ಶುರುಮಾಡಬಹುದು. ಕ್ಷೀರಪಾಕ (ಹಾಲಿನಲ್ಲಿ ಕಾಯಿಸಿದ ಕಷಾಯ) ಮಾಡುವ ಕ್ರಮ ಹೀಗೆ: 5 ಗ್ರಾಂ ತೊಗಟೆ ಪುಡಿ, 40 ಮಿ.ಲೀ. ಹಾಲು, 160 ಮಿ.ಲೀ. ನೀರು, ಸಣ್ಣ ಉರಿಯಲ್ಲಿ ಹಾಲಿನಷ್ಟೇ ಉಳಿಯುವವರೆಗೆ ಕಾಯಿಸಿ ಸೋಸುವುದು, ದಿನಕ್ಕೆ ಒಮ್ಮೆ. ಶುರುಮಾಡುವುದಕ್ಕೆ ಹಿಂದಿನ ಒಂದು ವಾರವೂ, ಶುರುಮಾಡಿದ ಮೇಲಿನ ಎರಡು ವಾರವೂ ಬೆಳಗ್ಗೆ ಸಂಜೆ ಐದು ನಿಮಿಷ ಕೂತ ಮೇಲೆ ಬಿಪಿ, ನಾಡಿ ಬರೆದಿಡಿ. ಮೇಲಿನ ಅಂಕಿ 100ಕ್ಕಿಂತ ಕೆಳಗೆ ಬಂದರೆ, ನಾಡಿ ನಿಮಿಷಕ್ಕೆ 50ಕ್ಕಿಂತ ಇಳಿದರೆ ಅಥವಾ ಹೊಸ ನೀಲಿ ಕಲೆ ಕಂಡರೆ ಕ್ಷೀರಪಾಕ ನಿಲ್ಲಿಸಿ, ಬರೆದ ಹಾಳೆಯನ್ನು ವೈದ್ಯರಿಗೆ ತೋರಿಸಿ.